ಕಾರಿನ ಎಸಿ ಗ್ಯಾಸ್: ಗಾಳಿಗೂ ಬೇಡ, ಮನೆಯ ಪ್ರಯೋಗವೂ ಬೇಡ

ಕೋಲ್ಕತ್ತಾ: ಚೈತ್ರ ಕಳೆಯುತ್ತಿದ್ದಂತೆ ಲೇಕ್ ಮಾರ್ಕೆಟ್‌ಗೆ ಹೂವು, ಬಾಳೆಎಲೆ, ಕಾಫಿಪುಡಿಗೆಂದು ಬರುವ ಕನ್ನಡಿಗರಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: ಕಾರಿನ ಎಸಿ ತಣ್ಣಗಾಗುತ್ತಿಲ್ಲ. ಸಣ್ಣ ಗ್ಯಾರೇಜಿಗೆ ಹೋದರೆ, ಹಳೆ ಗ್ಯಾಸ್ ತೆಗೆದು ಹೊಸದು ಹಾಕೋಣ ಎನ್ನುತ್ತಾರೆ. 'ತೆಗೆಯುವುದು' ಎಂದರೆ ಎಷ್ಟೋ ಕಡೆ ವಾಲ್ವ್ ಒತ್ತಿ ಬುಸ್ಸೆಂದು ರಸ್ತೆಗೆ ಬಿಡುವುದು. ಎರಡು ನಿಮಿಷದ ಕೆಲಸ. ಆದರೆ ಅದರ ಲೆಕ್ಕ ಸಣ್ಣದಲ್ಲ.

ಅರ್ಧ ಕೆಜಿಯ ಲೆಕ್ಕ

ಭಾರತದ ರಸ್ತೆಗಳಲ್ಲಿರುವ ಹೆಚ್ಚಿನ ಕಾರುಗಳ ಎಸಿಯಲ್ಲಿರುವುದು ಆರ್-134ಎ ಎಂಬ ಅನಿಲ. ಓಝೋನ್ ಪದರಕ್ಕೆ ಹಾನಿ ಮಾಡುತ್ತಿದ್ದ ಹಳೆಯ ಆರ್-12ರ ಜಾಗಕ್ಕೆ ಇದು ಬಂದಿತು. ಇದರಿಂದ ಓಝೋನ್‌ಗೆ ತೊಂದರೆಯಿಲ್ಲ. ಆದರೆ ಭೂಮಿಯ ಶಾಖ ಹೆಚ್ಚಿಸುವುದರಲ್ಲಿ ಇದರ ಒಂದು ಕೆಜಿ, ನೂರು ವರ್ಷದ ಲೆಕ್ಕದಲ್ಲಿ, ಸುಮಾರು 1,430 ಕೆಜಿ ಇಂಗಾಲದ ಡೈಆಕ್ಸೈಡ್‌ಗೆ ಸಮ. ಕಾರಿನಲ್ಲಿ ಅರ್ಧ ಕೆಜಿ ಇದೆ ಎಂದಿಟ್ಟುಕೊಂಡರೂ 715 ಕೆಜಿ ಆಯಿತು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆಜಿ ಹೊರಬರುತ್ತದೆ. ಅಂದರೆ ಇದು 310 ಲೀಟರ್ ಪೆಟ್ರೋಲ್ ಸುಟ್ಟಂತೆ. ಲೀಟರಿಗೆ 15 ಕಿ.ಮೀ. ಓಡುವ ಕಾರಿನಲ್ಲಿ ಬೆಂಗಳೂರಿಗೆ ಹೋಗಿ ಬಂದರೂ ಪೆಟ್ರೋಲ್ ಮಿಗುತ್ತದೆ!

ಫ್ರಿಜ್ ಕಂಪ್ರೆಸರ್ ಸಾಲದು

ಹಾಗಾದರೆ ಗ್ಯಾಸನ್ನು ಹಿಡಿದಿಡುವ ಯಂತ್ರವನ್ನು ನಾವೇ ಮಾಡಿಕೊಂಡರೆ? ಗುಜರಿಯಲ್ಲಿ ಸಿಗುವ ಹಳೆ ಫ್ರಿಜ್ ಕಂಪ್ರೆಸರ್, ಒಂದಿಷ್ಟು ತಾಮ್ರದ ಪೈಪು, ಖಾಲಿ ಸಿಲಿಂಡರ್ ಸೇರಿಸಿ ಇಂಥದ್ದನ್ನು ಕಟ್ಟುವವರು ಇದ್ದಾರೆ. ಗಾಳಿಗೆ ಬಿಡುವುದಕ್ಕಿಂತ ಅವರ ಉದ್ದೇಶ ಒಳ್ಳೆಯದೇ. ಆದರೆ ಅಪಾಯಗಳನ್ನು ಮರೆಯುವಂತಿಲ್ಲ.

ಮೊದಲನೆಯದು, ಒತ್ತಡ. ಬೇಸಿಗೆಯ 40 ಡಿಗ್ರಿಯಲ್ಲಿ ಈ ಅನಿಲದ ಒತ್ತಡ ವಾತಾವರಣದ ಸುಮಾರು ಹತ್ತು ಪಟ್ಟು. ಸಿಲಿಂಡರನ್ನು ಶೇ. 80ಕ್ಕಿಂತ ಹೆಚ್ಚು ತುಂಬಬಾರದು. ಬಿಸಿಗೆ ದ್ರವ ಹಿಗ್ಗಲು ಜಾಗವಿಲ್ಲದಿದ್ದರೆ ಸಿಲಿಂಡರ್ ಸಿಡಿಯಬಹುದು. ಒಮ್ಮೆ ಬಳಸಿ ಎಸೆಯುವ ಡಬ್ಬಿಗಳನ್ನು ಮತ್ತೆ ತುಂಬಲೇಬಾರದು. ಸರಿಯಾದ ಯಂತ್ರದಲ್ಲಿ ಒತ್ತಡ ಮಿತಿ ಮೀರಿದರೆ ತಾನಾಗಿ ನಿಲ್ಲುವ ವ್ಯವಸ್ಥೆ ಇರುತ್ತದೆ, ಸಿಲಿಂಡರ್ ಕೆಳಗೆ ತೂಕದ ಯಂತ್ರವೂ ಇರುತ್ತದೆ. ಎರಡನೆಯದು, ಫ್ರಿಜ್ ಕಂಪ್ರೆಸರ್ ಒಳಗೆ ದ್ರವ ನುಗ್ಗಿದರೆ ಅದರ ವಾಲ್ವ್ ಮುರಿಯುತ್ತದೆ. ಅದರ ಎಣ್ಣೆ ಗ್ಯಾಸಿಗೆ ಬೆರೆತು ಮುಂದೆ ಕಾರಿನ ಎಸಿಯನ್ನೇ ಹಾಳುಮಾಡಬಹುದು. ಮೂರನೆಯದು, ಸೋರಿದ ದ್ರವ ಕೈಗೆ ತಾಗಿದರೆ ಚರ್ಮ ಹೆಪ್ಪುಗಟ್ಟುತ್ತದೆ. ಅದು ಕುದಿಯುವುದೇ ಮೈನಸ್ 26 ಡಿಗ್ರಿಯಲ್ಲಿ. ಅನಿಲ ಬೆಂಕಿಗೆ ತಾಗಿದರೆ ವಿಷದ ಹೊಗೆ.

ಕಂಪ್ರೆಸರ್ ಇಲ್ಲದೆ, ಸಿಲಿಂಡರನ್ನು ಮಂಜುಗಡ್ಡೆಯಲ್ಲಿಟ್ಟು ಗ್ಯಾಸನ್ನು ಅದರೊಳಗೆ ಸೆಳೆಯುವ ಉಪಾಯವೂ ಇದೆ. ಹೆಚ್ಚಿನ ಪಾಲು ಬರುತ್ತದೆ, ಪೂರ್ತಿ ಬರುವುದಿಲ್ಲ. ಅದಕ್ಕೂ ಯೋಗ್ಯ ಸಿಲಿಂಡರ್, ಕೆಲಸ ಬಲ್ಲ ಕೈ ಬೇಕೇ ಬೇಕು.

ಇನ್ನೊಂದು ಅಪಾಯ ಕಣ್ಣಿಗೆ ಕಾಣದು. 2011ರಲ್ಲಿ ಆರ್-134ಎ ಹೆಸರಿನ ನಕಲಿ ಗ್ಯಾಸ್ ತುಂಬಿದ್ದ ಶೀತಲ ಕಂಟೇನರ್‌ಗಳು ಸಿಡಿದು ಬಂದರುಗಳಲ್ಲಿ ಕಾರ್ಮಿಕರು ಸತ್ತರು. ಹಿಂದೆ ಯಾರೋ ಏನೋ ತುಂಬಿರುವ ಕಾರಿನಿಂದ ತೆಗೆದ ಗ್ಯಾಸನ್ನು ಪರೀಕ್ಷಿಸದೆ ಮತ್ತೊಂದು ಕಾರಿಗೆ ಹಾಕುವುದು ಸಲ್ಲದು.

ಮುಂದೆ ಬೆಲೆಯ ಪ್ರಶ್ನೆ

ಇದು ಬರೀ ಪರಿಸರದ ಮಾತಲ್ಲ, ಜೇಬಿನ ಮಾತೂ ಹೌದು. 2016ರ ಕಿಗಾಲಿ ಒಪ್ಪಂದವನ್ನು ಭಾರತ 2021ರಲ್ಲಿ ಅಂಗೀಕರಿಸಿತು. ಅದರಂತೆ ಇಂಥ ಅನಿಲಗಳ ಬಳಕೆಗೆ 2028ರಿಂದ ಮಿತಿ ಬೀಳುತ್ತದೆ, 2032ರಲ್ಲಿ ಶೇ. 10ರಷ್ಟು, 2047ಕ್ಕೆ ಶೇ. 85ರಷ್ಟು ಕಡಿತ. ಪೂರೈಕೆ ಬಿಗಿಯಾದಾಗ ಯುರೋಪಿನಲ್ಲಿ 2017-18ರಲ್ಲಿ ಬೆಲೆ ಹಲವು ಪಟ್ಟು ಏರಿ, ಕಳ್ಳಸಾಗಣೆಯೂ ನಡೆಯಿತು. ಇಂದು ಗಾಳಿಗೆ ಬಿಟ್ಟ ಗ್ಯಾಸನ್ನೇ ನಾಳೆ ದುಬಾರಿ ಬೆಲೆಗೆ ಕೊಳ್ಳಬೇಕಾದೀತು.

ಸದಸ್ಯರು ಏನು ಮಾಡಬಹುದು?

ಸಣ್ಣ ಮೆಕ್ಯಾನಿಕ್‌ನನ್ನು ದೂರಿ ಫಲವಿಲ್ಲ. ಒಂದು ಕಾರಿನಿಂದ ಉಳಿಯುವ ಗ್ಯಾಸಿನ ಬೆಲೆ ಕೆಲವು ನೂರು ರೂಪಾಯಿ, ಯಂತ್ರಕ್ಕೆ ಹತ್ತಾರು ಸಾವಿರ. ಒಬ್ಬನಿಗೆ ಗಿಟ್ಟದ್ದು ನಾಲ್ಕಾರು ಗ್ಯಾರೇಜುಗಳು ಸೇರಿ ಕೊಂಡರೆ ಗಿಟ್ಟೀತು. ಇಂಥ ಕಸುಬಿನವರಿಗಾಗಿಯೇ 2015ರಲ್ಲಿ ಆರಂಭವಾದ ಮುದ್ರಾ ಸಾಲ ಯೋಜನೆ ಇದೆ. ಸಂಘದ ಇಪ್ಪತ್ತು ಮೂವತ್ತು ಕಾರುಗಳು ಒಂದೇ ಗ್ಯಾರೇಜಿಗೆ ಖಾತ್ರಿಯಾಗಿ ಬರುತ್ತವೆಂದರೆ ಮೆಕ್ಯಾನಿಕ್‌ಗೂ ಧೈರ್ಯ ಬರುತ್ತದೆ.

ಅಲ್ಲಿಯವರೆಗೆ ಗ್ಯಾರೇಜಿನಲ್ಲಿ ಮೂರು ಪ್ರಶ್ನೆ ಕೇಳಿದರೆ ಸಾಕು. ಸೋರಿಕೆ ಎಲ್ಲಿದೆ? ಹಳೆ ಗ್ಯಾಸ್ ಎಲ್ಲಿಗೆ ಹೋಗುತ್ತದೆ? ಹೊಸದನ್ನು ತೂಕ ಮಾಡಿ ಹಾಕುತ್ತೀರಾ? ಯಾವ ಗ್ಯಾಸ್, ಎಷ್ಟು ಗ್ರಾಂ ಎಂಬುದು ಸಾಮಾನ್ಯವಾಗಿ ಬಾನೆಟ್ ಒಳಗಿನ ಚೀಟಿಯಲ್ಲೇ ಇರುತ್ತದೆ. ಎಸಿ ಗ್ಯಾಸ್ ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ಪ್ರತಿ ವರ್ಷ ತುಂಬಿಸಬೇಕಾಗಿ ಬರುತ್ತಿದ್ದರೆ ಅದು ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ತೂತು ಮುಚ್ಚದೆ ಕೊಡಕ್ಕೆ ನೀರು ತುಂಬಿ ಪ್ರಯೋಜನವೇನು?