ಮಾಧವರಂ ಮಕ್ಕಳ ಬೇಸಿಗೆ ಸಂಗೀತ ನಾಟಕಕ್ಕಾಗಿ ಹಕ್ಕೊತ್ತಾಯ ಪತ್ರ

ಇವರಿಗೆ: ಚೆನ್ನೈನ ಕನ್ನಡ ಸಂಘಗಳ ಪದಾಧಿಕಾರಿಗಳು; ಕರ್ನಾಟಕ ಸರ್ಕಾರದ ಕನ್ನಡ ಮತ್ತು ಸಂಸ್ಕೃತಿ ಇಲಾಖೆ; ಚೆನ್ನೈ ಮಹಾನಗರ ಪಾಲಿಕೆಯ ಮಾಧವರಂ ವಲಯ ಕಚೇರಿ

ಇವರಿಂದ: ಮಾಧವರಂ ಆಸುಪಾಸಿನ ಕನ್ನಡ ಮನೆಗಳ ತಂದೆತಾಯಿಗಳು

ಮಾನ್ಯರೇ,

ಮಾಧವರಂ 2011ರಲ್ಲಿ ಚೆನ್ನೈ ಪಾಲಿಕೆಗೆ ಸೇರಿತು. ದೊಡ್ಡ ಬಸ್ ನಿಲ್ದಾಣ ಬಂತು, ಮೆಟ್ರೊ ಕಾಮಗಾರಿಯೂ ಬಂತು. ನಮ್ಮ ಮಕ್ಕಳ ಕಿವಿಗೆ ಕನ್ನಡ ಬೀಳುವುದು ಮಾತ್ರ ಇಂದಿಗೂ ಮನೆಯೊಳಗೆ, ಅದೂ ಅಜ್ಜಿಯೋ ತಾತನೋ ಜೊತೆಗಿದ್ದರೆ. ತಮಿಳುನಾಡಿನ 2006ರ ತಮಿಳು ಕಲಿಕೆ ಕಾಯ್ದೆಯಂತೆ ಶಾಲೆಯಲ್ಲಿ ತಮಿಳು ಕಡ್ಡಾಯ. ಅದಕ್ಕೆ ನಮ್ಮ ತಕರಾರಿಲ್ಲ. ನಾವು ಅನ್ನ ತಿನ್ನುವ ನೆಲದ ಭಾಷೆಯನ್ನು ಮಕ್ಕಳು ಚೆನ್ನಾಗಿಯೇ ಕಲಿಯಲಿ. ಆದರೆ ಕನ್ನಡಕ್ಕೆ ಉಳಿದಿರುವುದು ಬೇಸಿಗೆ ರಜೆಯೊಂದೇ. ಕಲೆ ಮತ್ತು ಆಟದಲ್ಲಿ ಪಾಲುಗೊಳ್ಳುವುದು ಮಗುವಿನ ಹಕ್ಕು ಎಂದು ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಹೇಳುತ್ತದೆ. ಭಾರತ 1992ರಲ್ಲೇ ಅದನ್ನು ಒಪ್ಪಿಕೊಂಡಿದೆ. ಆ ಬಲದ ಮೇಲೆ, ಬೇಸಿಗೆ ರಜೆಯಲ್ಲಿ ನಮ್ಮ ಮಕ್ಕಳಿಗಾಗಿ ಕನ್ನಡ ಸಂಗೀತ ನಾಟಕದ ಶಿಬಿರವೊಂದನ್ನು ನಡೆಸಿ ಎಂದು ಕೇಳುತ್ತಿದ್ದೇವೆ.

1. ಶಿಬಿರ ಮಾಧವರಂನಲ್ಲೇ ನಡೆಯಬೇಕು. ಕನ್ನಡದ ಕಾರ್ಯಕ್ರಮವೆಂದರೆ ಹೆಚ್ಚಾಗಿ ತ್ಯಾಗರಾಯನಗರದ ಕಡೆಗೇ ಹೋಗಬೇಕು. ಇಲ್ಲಿನವರು ‘ಕತ್ತಿರಿ’ ಎನ್ನುವ ಮೇ ತಿಂಗಳ ಸುಡುಬಿಸಿಲಲ್ಲಿ ಎಂಟು ವರ್ಷದ ಮಗುವನ್ನು ದಿನವೂ ಅಲ್ಲಿಗೆ ಕರೆದೊಯ್ದು ತರುವುದು ಆಗದ ಮಾತು. ಪಾಲಿಕೆಯ ಒಂದು ಸಮುದಾಯ ಭವನವನ್ನು ರಜೆಯಲ್ಲಿ ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಕೊಡಿ.

2. ಮಕ್ಕಳೇ ಹಾಡಬೇಕು. ಇದು ನಮ್ಮ ಮುಖ್ಯ ಒತ್ತಾಯ. ಈಗ ಎಷ್ಟೋ ಕಡೆ ನಡೆಯುವುದೇನು? ಯಾರೋ ಹಾಡಿದ ಧ್ವನಿಮುದ್ರಿಕೆ ಹಾಕುತ್ತಾರೆ, ಮಕ್ಕಳು ಬಾಯಿ ಆಡಿಸಿ ಕೈ ಬೀಸುತ್ತಾರೆ. ವಾರಗಟ್ಟಲೆ ತಾಲೀಮು ಮಾಡಿದ ಮಗು ಒಂದು ಸಾಲನ್ನೂ ತನ್ನ ಗಂಟಲಿನಿಂದ ಹಾಡದೆ ಮನೆಗೆ ಮರಳುತ್ತದೆ. ಇದು ನಿಲ್ಲಬೇಕು. ಒಂದು ಹಾರ್ಮೋನಿಯಂ, ಒಂದು ತಬಲಾ ಸಾಕು. ಗುಬ್ಬಿ ನಾಟಕ ಕಂಪನಿಯಲ್ಲಿ ಹುಡುಗನಾಗಿದ್ದಾಗಲೇ ರಂಗ ಹತ್ತಿದ ಬಿ.ವಿ. ಕಾರಂತರು ಮುಂದೆ ರಂಗಸಂಗೀತಕ್ಕೆ ಕಲ್ಲು, ಬಿದಿರು, ತಗಡು ಎಲ್ಲವನ್ನೂ ಬಳಸಿಕೊಂಡರು. ನಮ್ಮ ಮಕ್ಕಳ ಕೈಗೂ ಒಂದು ಡಬ್ಬ, ಎರಡು ಕೋಲು ಕೊಡಿ, ತಾಳ ತಾನೇ ಹುಟ್ಟುತ್ತದೆ. ಶ್ರುತಿಯನ್ನು ಕಲಿಸುವವರ ಗಂಟಲಿಗಲ್ಲ, ಮಕ್ಕಳ ಗಂಟಲಿಗೆ ಹೊಂದಿಸಬೇಕು. ದನಿ ಒಡೆಯುತ್ತಿರುವ ಹದಿಮೂರು ಹದಿನಾಲ್ಕರ ಹುಡುಗರನ್ನು ಮೇಲಿನ ಸ್ಥಾಯಿಗೆ ಎಳೆಯಬಾರದು. ಅಪಸ್ವರ ಬಂದರೆ ಬರಲಿ. ಅದು ನಮ್ಮ ಮಗುವಿನ ಸ್ವರ.

3. ಎಲ್ಲ ಮಕ್ಕಳಿಗೂ ಕೆಲಸವಿರುವ ನಾಟಕ ಆರಿಸಬೇಕು. ರಾಜನೊಬ್ಬ ಮಾತಾಡುತ್ತಾನೆ, ಮಿಕ್ಕವರು ಮರವಾಗಿ ನಿಲ್ಲುತ್ತಾರೆ ಎಂಬಂಥದ್ದು ಬೇಡ. ಇಂಗ್ಲಿಷ್ ಕವಿ ಬ್ರೌನಿಂಗನ ಕಥೆಯನ್ನು ಕುವೆಂಪು ಕನ್ನಡಕ್ಕೆ ಒಗ್ಗಿಸಿದ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನೇ ನೋಡಿ: ಇಲಿಗಳ ಹಿಂಡು, ಊರಿನ ಜನ, ಜೋಗಿಯ ಹಿಂದೆ ಓಡುವ ಮಕ್ಕಳು. ನಲವತ್ತು ಮಂದಿ ಬಂದರೂ ಒಬ್ಬರಿಗೂ ಪಾತ್ರವಿಲ್ಲ ಎನ್ನಬೇಕಾಗಿಲ್ಲ. ವೈದೇಹಿಯವರ ‘ನಾಯಿಮರಿ ನಾಟಕ’, ಕಾರಂತರ ‘ಪಂಜರ ಶಾಲೆ’ ಇವೆ. ಯಾವುದನ್ನು ಆಡಿದರೂ ಹಕ್ಕುದಾರರ ಅನುಮತಿ ಪಡೆದು, ಕೊಡಬೇಕಾದ ಗೌರವಧನ ಕೊಟ್ಟೇ ಆಡಬೇಕು. ಮಕ್ಕಳಿಗೆ ಅದೂ ಪಾಠವೇ.

4. ಹಾಡು ಕನ್ನಡ ಅಕ್ಷರದಲ್ಲಿ ಕೈಗೆ ಸಿಗಬೇಕು. ನಮ್ಮ ಮಕ್ಕಳು ಕನ್ನಡದ ಹಾಡನ್ನು ತಮಿಳು ಲಿಪಿಯಲ್ಲಿ ಬರೆದುಕೊಳ್ಳುತ್ತಾರೆ. ಅಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರ. ಮಗು ಬರೆದದ್ದನ್ನೇ ನೋಡಿ ಹಾಡಿದಾಗ ಗಾಳಿ ಹೋಗಿ ಕಾಳಿ ಬರುತ್ತಾಳೆ. ಮೊದಲ ವಾರ ಕಿವಿಯಿಂದಲೇ ಕಲಿಯಲಿ. ಎರಡನೇ ವಾರದಿಂದ ದಪ್ಪ ಅಕ್ಷರದಲ್ಲಿ ಮುದ್ರಿಸಿದ ಹಾಳೆ ಕೊಟ್ಟು, ಬಾಯಿಗೆ ಬಂದ ಸಾಲಿನ ಮೇಲೆ ಬೆರಳಾಡಿಸಲು ಹೇಳಿ. ಗೊತ್ತಿರುವ ಹಾಡಿನಿಂದ ಗೊತ್ತಿಲ್ಲದ ಅಕ್ಷರಕ್ಕೆ ಹೋಗುವ ದಾರಿ ಇದು. ವರ್ಣಮಾಲೆ ತಿದ್ದಿಸುವುದಕ್ಕಿಂತ ಬೇಗ ಹತ್ತುತ್ತದೆ.

5. ಕಲಿಸಲು ರಂಗಕರ್ಮಿಗಳನ್ನು ಕರೆಸಿ, ಸರಿಯಾದ ಸಂಭಾವನೆ ಕೊಡಬೇಕು. ಕಾರಂತರು 1989ರಲ್ಲಿ ಕಟ್ಟಿದ ಮೈಸೂರಿನ ರಂಗಾಯಣ ಬೇಸಿಗೆಯಲ್ಲಿ ‘ಚಿಣ್ಣರ ಮೇಳ’ ನಡೆಸುತ್ತದೆ. ಹಾಗೆ ಮಕ್ಕಳೊಂದಿಗೆ ದುಡಿದು ಪಳಗಿದ ಇಬ್ಬರನ್ನು ಒಂದು ತಿಂಗಳ ಮಟ್ಟಿಗೆ ಇಲ್ಲಿಗೆ ಕಳಿಸುವ ವೆಚ್ಚವನ್ನು ಇಲಾಖೆ ಭರಿಸಲಿ. ಇರುವ ಮನೆ, ಊಟದ ವ್ಯವಸ್ಥೆ ನಮ್ಮದು.

6. ಮೊದಲು ನಾಟಕ, ಆಮೇಲೆ ಸನ್ಮಾನ. ಮೀಸೆ ಅಂಟಿಸಿ, ಇಲಿಯ ಬಾಲ ಕಟ್ಟಿ, ಮುಖಕ್ಕೆ ಬಣ್ಣ ಹಚ್ಚಿಕೊಂಡ ಮಕ್ಕಳನ್ನು ಪರದೆಯ ಹಿಂದೆ ಕೂರಿಸಿ ಗಂಟೆಗಟ್ಟಲೆ ಭಾಷಣ ಮಾಡುವುದು ಕ್ರೌರ್ಯ. ಬಣ್ಣ ಬೆವರಲ್ಲಿ ಇಳಿಯುತ್ತದೆ, ಚಿಕ್ಕವು ನಿದ್ದೆಹೋಗುತ್ತವೆ, ಎಬ್ಬಿಸಿ ರಂಗಕ್ಕೆ ನೂಕಿದರೆ ಅಳುತ್ತವೆ. ಅತಿಥಿಗಳು ಮುಂದಿನ ಸಾಲಲ್ಲಿ ಕುಳಿತು ನಾಟಕ ನೋಡಲಿ. ಶಾಲು, ಹಾರ, ಭಾಷಣ ಎಲ್ಲ ಅದಾದ ಮೇಲೆ.

7. ತಾಲೀಮಿನ ಜಾಗದಲ್ಲಿ ಕುಡಿಯುವ ನೀರು, ಫ್ಯಾನು, ಬಾಗಿಲಿಗೆ ಚಿಲಕವಿರುವ ಶೌಚಾಲಯ ಇರಬೇಕು. ತಾಯಂದಿರಲ್ಲಿ ಇಬ್ಬರಾದರೂ ಸದಾ ಹಾಜರಿರಲು ಅವಕಾಶವಿರಬೇಕು. ಮನೆಯವರ ಒಪ್ಪಿಗೆಯಿಲ್ಲದೆ ಮಕ್ಕಳ ವಿಡಿಯೊ ಹಂಚಬಾರದು.

8. ಬಾಗಿಲು ಎಲ್ಲರಿಗೂ ತೆರೆದಿರಲಿ. ಪಕ್ಕದ ಮನೆಯ ತಮಿಳು, ತೆಲುಗು, ಉರ್ದು ಮಾತಾಡುವ ಮಕ್ಕಳು ಗೆಳೆಯರ ಜೊತೆ ಬಂದರೆ ಅವರಿಗೂ ಪಾತ್ರ ಕೊಡಿ. ಶುಲ್ಕ ಕಟ್ಟಲಾಗದ ಮನೆಯ ಮಗುವನ್ನು ವಾಪಸು ಕಳಿಸಕೂಡದು.

ರಂಗಕರ್ಮಿಗಳು ಬೇಸಿಗೆಯ ಕೆಲಸಗಳನ್ನು ಮೊದಲೇ ಒಪ್ಪಿಕೊಂಡುಬಿಡುತ್ತಾರೆ. ಆದ್ದರಿಂದ ಜನವರಿ ಮುಗಿಯುವುದರೊಳಗೆ ಲಿಖಿತ ಉತ್ತರ ಕೊಡಬೇಕು, ಫೆಬ್ರವರಿಯಲ್ಲಿ ನಮ್ಮನ್ನೂ ಕೂರಿಸಿಕೊಂಡು ಒಂದು ಸಭೆ ಕರೆಯಬೇಕು ಎಂದು ಕೋರುತ್ತೇವೆ. ಮಕ್ಕಳ ಹೆಸರಿನ ಪಟ್ಟಿಯನ್ನು ಆ ಸಭೆಗೆ ನಾವೇ ತರುತ್ತೇವೆ.

ಇಂತಿ,
ಮಾಧವರಂ ಆಸುಪಾಸಿನ ಕನ್ನಡ ಮನೆಗಳ ತಂದೆತಾಯಿಗಳು