ಹೃದಯ ಕಾಯುವ ‘ಆತ್ಮಹತ್ಯಾ ಸಂಚಿ’

ಜೀವಕೋಶದ ಪಾಠದಲ್ಲಿ ಒಂದು ಪ್ರಶ್ನೆ ಇದ್ದೇ ಇರುತ್ತದೆ: ‘ಆತ್ಮಹತ್ಯಾ ಸಂಚಿ ಎಂದು ಯಾವುದಕ್ಕೆ ಹೆಸರು?’ ‘ಲೈಸೊಸೋಮ್’ ಎಂದು ಬರೆದರೆ ಒಂದು ಅಂಕ ಗ್ಯಾರಂಟಿ. ಆದರೆ ಆ ಹೆಸರು ಪಾಪ, ಲೈಸೊಸೋಮಿಗೆ ಅನ್ಯಾಯವನ್ನೇ ಮಾಡಿದೆ. ಯಾಕೆಂದು ತಿಳಿಯಬೇಕಾದರೆ ಹೃದಯವನ್ನು ನೋಡಬೇಕು.

ಹೃದಯ ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತದೆ. ಅದಕ್ಕೆ ಭಾನುವಾರವೂ ಇಲ್ಲ, ದಸರೆ ರಜೆಯೂ ಇಲ್ಲ. ರಕ್ತದ ಕೆಂಪುಕಣಗಳು ನಾಲ್ಕು ತಿಂಗಳಲ್ಲಿ ಸತ್ತು ಹೊಸವು ಬರುತ್ತವೆ. ಹೃದಯದ ಸ್ನಾಯುಕೋಶಗಳಲ್ಲಾದರೋ ವರ್ಷಕ್ಕೆ ನೂರಕ್ಕೆ ಒಂದು ಹೊಸದಾದರೆ ಹೆಚ್ಚು. ಅವುಗಳಲ್ಲಿ ಬಹುಪಾಲು ಬಾಲ್ಯದಿಂದ ಮುಪ್ಪಿನವರೆಗೆ ದುಡಿಯುವಂಥವು. ಹಾಗಿದ್ದರೆ ಒಳಗೆ ಸವೆದ ಭಾಗಗಳ ಗತಿಯೇನು?

ಕೆಟ್ಟ ಪ್ರೋಟೀನು, ಶಕ್ತಿ ಕುಂದಿದ ಮೈಟೊಕಾಂಡ್ರಿಯ ಇವುಗಳ ಸುತ್ತ ಒಂದು ಪೊರೆ ಬೆಳೆದು ಗಂಟು ಕಟ್ಟುತ್ತದೆ. ಆ ಗಂಟು ಲೈಸೊಸೋಮಿನೊಡನೆ ಕೂಡಿಕೊಳ್ಳುತ್ತದೆ. ಅಲ್ಲಿನ ಕಿಣ್ವಗಳು ಎಲ್ಲವನ್ನೂ ಒಡೆದು, ಮತ್ತೆ ಬಳಸಬಹುದಾದ ಸರಕನ್ನಾಗಿ ಕೋಶಕ್ಕೆ ಹಿಂದಿರುಗಿಸುತ್ತವೆ. ಬೆಲ್ಜಿಯಂನ ಕ್ರಿಶ್ಚಿಯನ್ ಡಿ ಡ್ಯೂವ್ 1963ರಲ್ಲಿ ಇದನ್ನು ‘ಆಟೊಫ್ಯಾಜಿ’ ಎಂದು ಕರೆದರು. ನಾವು ‘ಸ್ವಭಕ್ಷಣೆ’ ಎನ್ನೋಣ. ಇದನ್ನು ನಡೆಸುವ ವಂಶವಾಹಿಗಳನ್ನು ಯೀಸ್ಟ್‌ನಲ್ಲಿ ಪತ್ತೆ ಹಚ್ಚಿದ ಜಪಾನಿನ ಯೋಶಿನೋರಿ ಒಸುಮಿ ಅವರಿಗೆ 2016ರ ನೊಬೆಲ್ ಬಹುಮಾನ ಬಂತು.

ಈ ಕೆಲಸ ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ ‘ಡ್ಯಾನನ್ ಕಾಯಿಲೆ’ ಸಾಕ್ಷಿ. ಇದು ಅಪರೂಪದ ಆನುವಂಶಿಕ ರೋಗ. ಲೈಸೊಸೋಮಿನ ‘ಲ್ಯಾಂಪ್-2’ ಎಂಬ ಪ್ರೋಟೀನಿನ ಕೊರತೆಯೇ ಕಾರಣವೆಂದು 2000ದಲ್ಲಿ ತಿಳಿಯಿತು. ಗಂಟುಗಳು ಕಟ್ಟುತ್ತವೆ, ಆದರೆ ಕರಗದೆ ಕೋಶದೊಳಗೇ ರಾಶಿ ಬೀಳುತ್ತವೆ. ಇದರ ವಂಶವಾಹಿ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಆದ್ದರಿಂದ ಗಂಡುಮಕ್ಕಳಿಗೇ ಪೆಟ್ಟು ಹೆಚ್ಚು. ಹದಿಹರೆಯದಲ್ಲೇ ಹೃದಯದ ಗೋಡೆ ದಪ್ಪವಾಗಿ, ಕೊನೆಗೆ ಹೃದಯ ಸೋಲುತ್ತದೆ. ಹಲವರಿಗೆ ಹೃದಯದ ಕಸಿಯೇ ದಾರಿ. ಸರಿಯಾದ ವಂಶವಾಹಿಯನ್ನು ನಿರಪಾಯಗೊಳಿಸಿದ ವೈರಸ್ಸಿನ ಮೂಲಕ ಒಳಗೆ ಕಳಿಸುವ ಚಿಕಿತ್ಸೆಯನ್ನು ರೋಗಿಗಳಲ್ಲಿ ಪರೀಕ್ಷಿಸಲಾಗಿದೆ.

ಹಾಗಾದರೆ ಸ್ವಭಕ್ಷಣೆ ಹೆಚ್ಚಿಸುವ ಮಾತ್ರೆಯೊಂದನ್ನು ನುಂಗಿದರೆ ಆಯಿತಲ್ಲ ಎನ್ನುವಿರಾ? ಅಷ್ಟು ಸುಲಭವಲ್ಲ. 2007ರಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗದಲ್ಲಿ, ಹೃದಯಕ್ಕೆ ರಕ್ತ ನಿಂತಾಗ ಸ್ವಭಕ್ಷಣೆ ಕೋಶಗಳನ್ನು ಕಾಪಾಡಿತು. ರಕ್ತ ಮತ್ತೆ ಹರಿದಾಗ ಅದೇ ಮಿತಿಮೀರಿ ಹಾನಿ ಮಾಡಿತು. ಉಪ್ಪಿನ ಹಾಗೆ, ಕಡಿಮೆಯಾದರೂ ಕಷ್ಟ, ಹೆಚ್ಚಾದರೂ ಕಷ್ಟ.

ತಂದೆ ತಾಯಿಯರಿಗೆ ಒಂದು ಮಾತು. ‘ಉಪವಾಸವಿದ್ದರೆ ಸ್ವಭಕ್ಷಣೆ ಹೆಚ್ಚಿ ಹೃದಯ ಶುದ್ಧಿಯಾಗುತ್ತದೆ’ ಎಂಬ ಮಾತು ಕೇಳಿ ಯಾರೂ ಮಾತ್ರೆ ನಿಲ್ಲಿಸಬೇಡಿ. ಸಕ್ಕರೆ ಕಾಯಿಲೆಯವರಂತೂ ವೈದ್ಯರನ್ನು ಕೇಳದೆ ಊಟ ಬಿಡಲೇಬಾರದು. ಇನ್ನೊಂದು ಸಂಗತಿ: ಓಡಿಸಿದ ಇಲಿಗಳ ಹೃದಯದಲ್ಲಿ ಸ್ವಭಕ್ಷಣೆ ಚುರುಕಾದದ್ದು 2012ರಲ್ಲಿ ಕಂಡುಬಂತು. ಮಕ್ಕಳು ಇಲಿಗಳಲ್ಲ, ನಿಜ. ಆದರೂ ಓಡಾಟ ಹೃದಯಕ್ಕೆ ಒಳ್ಳೆಯದೆಂಬುದರಲ್ಲಿ ಅನುಮಾನವಿಲ್ಲ. ನಾಳೆ ಸಂಜೆ ಮಗ ಆಟದ ಬಯಲಿನಿಂದ ಹತ್ತು ನಿಮಿಷ ತಡವಾಗಿ ಬಂದರೆ, ಬೈಯುವ ಮೊದಲು ಇದನ್ನೊಮ್ಮೆ ನೆನೆಯಿರಿ.