ತಿಕ್ಕಬೇಡಿ, ತೋರಿಸಿ!

ನೇಗಿಲಿನ ಕುಳಕ್ಕೋ, ಪಾಯ ತೋಡುವವನ ಹಾರೆಗೋ, ಈಚೀಚೆಗೆ ಕೆಲವರು ಹಿಡಿದು ಓಡಾಡುವ ಲೋಹಶೋಧಕ ಯಂತ್ರಕ್ಕೋ ಗುರುತು ಸಿಗದ ಒಂದು ಲೋಹದ ತುಂಡು ಸಿಕ್ಕಿತೆನ್ನಿ. ಮುಂದೇನು? ಮೊದಲು ಹುಣಸೆಹಣ್ಣು ಹಾಕಿ ತಿಕ್ಕೋದು. ಹೊಳೆದರೆ ಅಕ್ಕಸಾಲಿಗನ ಒರೆಗಲ್ಲು, ಹೊಳೆಯದಿದ್ದರೆ ಗುಜರಿಯವನ ತಕ್ಕಡಿ. ಅಲ್ಲಿಗೆ ಕಥೆ ಮುಗೀತು!

ಗುಬ್ಬಿ ತಾಲೂಕು ಕಡಬದಲ್ಲಿ ದೊರೆತ ತಾಮ್ರಪಟಗಳಿಗೂ ಇದೇ ಗತಿ ಆಗಿದ್ದರೆ? ಅವು ರಾಷ್ಟ್ರಕೂಟರ ಮುಮ್ಮಡಿ ಗೋವಿಂದನ ಕಾಲದವು. ಶಕವರ್ಷ 735, ಅಂದರೆ ಸುಮಾರು ಕ್ರಿ.ಶ. 812. ಕುನುಂಗಿಲ್ ನಾಡನ್ನು ಆಳುತ್ತಿದ್ದ ವಿಮಲಾದಿತ್ಯನ ಶನಿಕಾಟ ಬಿಡಿಸಿದ ಜೈನಮುನಿ ಅರ್ಕಕೀರ್ತಿಗೆ ಜಾಲಮಂಗಲ ಎಂಬ ಊರು ದಾನ ಕೊಟ್ಟ ಸಂಗತಿ ಅದರಲ್ಲಿದೆ. ಆ ಕುನುಂಗಿಲ್ಲೇ ಇಂದಿನ ಕುಣಿಗಲ್ ಎನ್ನುತ್ತಾರೆ ವಿದ್ವಾಂಸರು. ಬಿ.ಎಲ್. ರೈಸ್ 1904ರಲ್ಲಿ ಹೊರತಂದ ತುಮಕೂರು ಜಿಲ್ಲೆಯ ಶಾಸನ ಸಂಪುಟದಲ್ಲಿ ಅದು ಅಚ್ಚಾಯಿತು, ಉಳಿಯಿತು. ತಾಮ್ರದ ತೂಕಕ್ಕೆ ಮಾರಿದ್ದರೆ ನಾಲ್ಕು ಕಾಸು ಹುಟ್ಟುತ್ತಿತ್ತು, ಅಷ್ಟೆ.

ಹಾಗಂತ ಸಿಕ್ಕಿದ್ದೆಲ್ಲ ಶಾಸನವಲ್ಲ, ನಿಧಿಯೂ ಅಲ್ಲ. ಕರ್ರಗೆ, ತೂತುತೂತಾಗಿ, ಗಾಜಿನಂತೆ ಮಿನುಗುವ ಗಟ್ಟಿ ಸಿಕ್ಕರೆ ಅದು ಬಹುಮಟ್ಟಿಗೆ ಕಬ್ಬಿಣದ ಕಿಟ್ಟ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಬುಕಾನನ್ ಕಬ್ಬಿಣ ಕರಗಿಸುವ ಕುಲುಮೆಗಳನ್ನು ಕಂಡು ಬರೆದಿಟ್ಟಿದ್ದಾನೆ. ಕೆಂಪು ತುಕ್ಕು ಹಿಡಿದು ಅಯಸ್ಕಾಂತಕ್ಕೆ ಅಂಟಿದರೆ ಕಬ್ಬಿಣ. ಹಸಿರು ಕಿಲುಬಿದ್ದರೆ ತಾಮ್ರವೋ, ಹಿತ್ತಾಳೆಯೋ, ಕಂಚೋ ಇದ್ದೀತು. ಆ ಕಿಲುಬಿನಡಿಯೇ ಅಕ್ಷರ, ಮುದ್ರೆ ಅಡಗಿರಬಹುದು; ಹುಣಸೆಹುಳಿಗೆ ಅದೂ ತೊಳೆದುಹೋಗುತ್ತದೆ. ಎಲ್ಲಿ, ಎಷ್ಟು ಆಳದಲ್ಲಿ, ಯಾವುದರ ಜೊತೆ ಸಿಕ್ಕಿತು ಎಂಬುದೇ ಅರ್ಧ ಗುರುತು. ಕಿತ್ತು ಮನೆಗೆ ತಂದರೆ ಆ ಅರ್ಧವೂ ಹೋಯಿತು.

ಕಾನೂನೇನೋ ಇದೆ. 1962ರ ನಿಧಿ ಕಾಯಿದೆ ಪ್ರಕಾರ ನೆಲದಡಿ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಆದರೆ ರೈತನಿಗೆ ಭಯ. ಪೊಲೀಸು, ಮಹಜರು, "ಇನ್ನೆಲ್ಲಿ ಬಚ್ಚಿಟ್ಟಿದ್ದೀಯ?" ಎಂಬ ಪ್ರಶ್ನೆ. ಇದೆಲ್ಲ ಯಾಕಪ್ಪಾ ಬೇಕು ಎಂದು ಅವನು ಬಾಯಿ ಮುಚ್ಚಿಕೊಂಡರೆ ತಪ್ಪು ಅವನೊಬ್ಬನದೇ?

ತುಮಕೂರಿನ ಜಿಲ್ಲಾಧಿಕಾರಿ ಕಚೇರಿಯಲ್ಲಿ, ಗುಬ್ಬಿ, ಕುಣಿಗಲ್ ತಾಲೂಕು ಕಚೇರಿಗಳಲ್ಲಿ ತಿಂಗಳಿಗೊಂದು ದಿನ ಬಲ್ಲವರೊಬ್ಬರನ್ನು ಕೂರಿಸಲಿ. ತಂದವನಿಗೆ ಕುರ್ಚಿ ಕೊಡಲಿ, ಕೈಗೆ ರಸೀತಿ ಕೊಡಲಿ. ಕಿಟ್ಟವಾದರೆ ಕಿಟ್ಟ ಎಂದು ಹೇಳಿ ಕಳಿಸಲಿ. ಇದಕ್ಕೇನು ಕೋಟಿ ಖರ್ಚಾಗುತ್ತದೆಯೇ, ಸ್ವಾಮಿ?

ಇಲ್ಲವಾದರೆ ಮುಂದಿನ ತಾಮ್ರಪಟ ಕರಗಿ ಬಿಂದಿಗೆಯಾಗಿ ಸಂತೆಗೆ ಬಂದೀತು. ಅದರಲ್ಲಿ ನೀರು ತುಂಬಬಹುದು. ಊರಿನ ಚರಿತ್ರೆ ಓದಲಾದೀತೆ?